ಪ್ಲಾಟ್ ಎಣಿಸುವ ಮೊದಲು ನಕ್ಷೆಯ ಅಂಚು ನೋಡಿ

"ಎನ್.ಎ. ಆಗೇದ್ರಿ, ಇನ್ನೇನ ಬೇಕು?" ಹುಬ್ಬಳ್ಳಿ-ಧಾರವಾಡದ ಸುತ್ತ ಪ್ಲಾಟ್ ತೋರಿಸುವವರ ಬಾಯಲ್ಲಿ ಮೊದಲು ಬರುವ ಮಾತು ಇದು. ಬೇಕಾದದ್ದು ಇನ್ನೂ ಬಹಳ ಇದೆ. ಎನ್.ಎ. ಆಗುವುದೆಂದರೆ 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿಗಳು ಆ ಹೊಲವನ್ನು ಕೃಷಿಯೇತರ ಬಳಕೆಗೆ ಬಿಟ್ಟುಕೊಡುವುದು, ಅಷ್ಟೇ. ಆ ಹೊಲದಲ್ಲಿ ರಸ್ತೆ ಎಲ್ಲಿ, ಗಟಾರ ಎಲ್ಲಿ, ಉದ್ಯಾನ ಎಲ್ಲಿ, ಪ್ಲಾಟ್ ಎಷ್ಟು ಎಂದು ತೀರ್ಮಾನಿಸುವುದು ಬೇರೆ ಕಚೇರಿ, ಬೇರೆ ಕಾಯ್ದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮು ಮತ್ತು 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯ 32ನೇ ಕಲಮು, ಈ ಎರಡರ ಕೆಳಗೆ ಲೇಔಟ್ ನಕ್ಷೆ ನೋಡುವುದು ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ಹುಡಾ. ಗದಗ-ಬೆಟಗೇರಿ, ಹಾವೇರಿಯಲ್ಲೂ ಅಲ್ಲಿನ ಪ್ರಾಧಿಕಾರಗಳು ನಡೆಸುವುದು ಇದೇ ಕೆಲಸ. ಮನೆ ಕಟ್ಟುವ ಪರವಾನಗಿ, ಮುಂದೆ ರಸ್ತೆ-ದೀಪದ ನಿರ್ವಹಣೆ ಮಹಾನಗರ ಪಾಲಿಕೆಯದು. ಪಾಲಿಕೆ ಹದ್ದಿನ ಹೊರಗಿದ್ದರೆ ಗ್ರಾಮ ಪಂಚಾಯಿತಿಯದು.

ಎನ್.ಎ. ಕೂಡ ಆಗದೆ ಹೊಲವನ್ನು ಹಾಗೇ ತುಂಡು ಮಾಡಿ ಮಾರಿದ್ದು ಗುಂಟಾ ಪ್ಲಾಟ್. ಒಂದೇ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇಪ್ಪತ್ತು-ಮೂವತ್ತು ಹೆಸರು ಕೂತಿರುತ್ತವೆ, ಹೊಲದಲ್ಲಿ ಯಾರ ಗುಂಟೆ ಎಲ್ಲಿ ಎಂಬುದಕ್ಕೆ ನೆಟ್ಟ ಕಲ್ಲು ಬಿಟ್ಟರೆ ಬೇರೆ ಆಧಾರವಿಲ್ಲ. "ಮುಂದ ಸಕ್ರಮ ಆಗತೈತಿ" ಎಂಬ ಭರವಸೆಯ ಮೇಲೆಯೇ ಇವು ಮಾರಾಟವಾಗಿವೆ. 2014ರ ಅಕ್ರಮ-ಸಕ್ರಮ ನಿಯಮಗಳಿಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ಕೊಟ್ಟಿತೆಂಬುದನ್ನು ಮಾರುವವರು ಹೇಳುವುದಿಲ್ಲ. ಇಲ್ಲಿ ಹೇಳಹೊರಟಿರುವುದು ಗುಂಟಾ ಪ್ಲಾಟಿನ ಕಥೆಯಲ್ಲ. ಸರಿಯಾಗಿ ಅರ್ಜಿ ಹಾಕಿ, ಹುಡಾ ಮುಂದೆ ಬಂದ ಲೇಔಟ್ ನಕ್ಷೆಯನ್ನು ಹೇಗೆ ಓದಬೇಕು ಎಂಬುದು. ಕೊಳ್ಳುವವರೂ ನೆರೆಹೊಲದವರೂ ವಾರ್ಡಿನ ಸದಸ್ಯರೂ ಸಾಮಾನ್ಯವಾಗಿ ನಕ್ಷೆಯ ನಡುಭಾಗ ನೋಡುತ್ತಾರೆ: ಪ್ಲಾಟ್ ನಂಬರ್, ಅಳತೆ, ದಿಕ್ಕು. ಮುಂದೆ ಹತ್ತು ವರ್ಷ ಕಾಡುವ ತೊಂದರೆಗಳೆಲ್ಲ ಇರುವುದು ನಕ್ಷೆಯ ಅಂಚಿನಲ್ಲಿ. ರಸ್ತೆ ಹೊರಗಿನ ರಸ್ತೆಗೆ ಸೇರುವ ಜಾಗ, ಗಟಾರ ಹೊರಬೀಳುವ ಜಾಗ, ಒಳಚರಂಡಿ ಊರಿನ ಚೇಂಬರ್‌ಗೆ (ಮ್ಯಾನ್‌ಹೋಲಿಗೆ) ಕೂಡುವ ಜಾಗ, ಹಿಂದಿನ ಹೊಲಕ್ಕೆ ದಾರಿ ಹೋಗುವ ಜಾಗ.

ಅದಕ್ಕೂ ಮೊದಲು ಕ್ಷೇತ್ರದ ಲೆಕ್ಕ. ಖರೀದಿ ಪತ್ರದಲ್ಲಿ 5 ಎಕರೆ ಎಂದಿದ್ದರೆ ನಕ್ಷೆಯಲ್ಲೂ 5 ಎಕರೆ ಹಾಕಿರುತ್ತಾರೆ. ಉತಾರ ಮತ್ತು ಆಕಾರಬಂದ್ (ಸರ್ವೆ ಇಲಾಖೆಯ ಕ್ಷೇತ್ರ-ಕಂದಾಯದ ದಾಖಲೆ) ಪಕ್ಕಪಕ್ಕ ಇಟ್ಟು ಖರಾಬು, ಅಂದರೆ ಸಾಗುವಳಿಗೆ ಲೆಕ್ಕ ಹಿಡಿಯದ ಜಾಗ ಎಷ್ಟು, ಅದರಲ್ಲಿ 'ಬ' ಖರಾಬು ಎಷ್ಟು ಎಂದು ನೋಡಬೇಕು. 'ಬ' ಖರಾಬು ಎಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ. ಹೊಲದ ನಂಬರಿನೊಳಗೆ ಕೂತಿದ್ದರೂ ಅದು ಮಾಲೀಕನದಲ್ಲ, ಸರ್ಕಾರದ್ದು. 5 ಎಕರೆ ಎಂದರೆ 200 ಗುಂಟೆ. ಅದರಲ್ಲಿ 8 ಗುಂಟೆ 'ಬ' ಖರಾಬು ಇದ್ದರೆ ಲೇಔಟಿಗೆ ಸಿಗುವುದು 192. ಗುಂಟೆಗೆ 1,089 ಚದರ ಅಡಿಯಂತೆ 2,09,088 ಚದರ ಅಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ತೆಗೆದು ವಸತಿ ಪ್ಲಾಟಿಗೆ ಶೇ 55 ಹಿಡಿದರೆ ಸುಮಾರು 1,15,000. 30×40ರ ಪ್ಲಾಟ್ ಕಾಗದದ ಮೇಲೆ 95. ಖರಾಬನ್ನೂ ಸೇರಿಸಿಕೊಂಡರೆ 99 ಆಗುತ್ತವೆ. ಆ ಹೆಚ್ಚಿನ ನಾಲ್ಕು ಪ್ಲಾಟ್ ಎಲ್ಲಿ ಬಂದು ಕೂರುತ್ತವೆಂದರೆ ಹೆಚ್ಚಾಗಿ ಹಳೆಯ ಹಳ್ಳದ ಮೇಲೆ. ಹೊಲದ ಆಕಾರ ಸೊಟ್ಟ ಇದ್ದರೆ 95 ಕೂಡ ಬರುವುದಿಲ್ಲ, 88-90ಕ್ಕೆ ನಿಲ್ಲುತ್ತದೆ. ಯಾವುದೇ ಲೇಔಟಿನಲ್ಲಿ ಪ್ಲಾಟಿನ ಸಂಖ್ಯೆ ಈ ಲೆಕ್ಕಕ್ಕಿಂತ ಮೇಲೆ ಹೋಗಿದ್ದರೆ ಏನನ್ನೋ ನುಂಗಿದ್ದಾರೆ ಎಂದೇ ತಿಳಿಯಬೇಕು.

ಆಮೇಲೆ ಮಹಾಯೋಜನೆ, ಅಂದರೆ ಊರಿನ ಯಾವ ಜಾಗ ಯಾವ ಬಳಕೆಗೆ, ದೊಡ್ಡ ರಸ್ತೆ ಎಲ್ಲಿ ಎಂದು ತೋರಿಸುವ ಯೋಜನೆ. ಇದನ್ನು ಇಲ್ಲಿ ಎಲ್ಲರೂ ಈಗಲೂ ಸಿಡಿಪಿ ಎಂದೇ ಕರೆಯುವುದು. ಸರ್ವೆ ನಂಬರ್ ವಸತಿ ವಲಯದಲ್ಲಿದ್ದರೆ ಕೆಲಸ ಹಗುರ. ಕೃಷಿ ವಲಯ ಅಥವಾ ಕೈಗಾರಿಕೆ ವಲಯ ಎಂದಿದ್ದರೆ ಮೊದಲು 1961ರ ಕಾಯ್ದೆಯ 14ಎ ಕಲಮಿನಡಿ ಭೂ ಉಪಯೋಗ ಬದಲಾವಣೆ ಆಗಬೇಕು, ಅದಕ್ಕೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಜೊತೆಗೆ ಸಿಡಿಪಿ ರಸ್ತೆ ಹೊಲದ ಮೇಲೆ ಹಾದುಹೋಗಿದೆಯೇ ನೋಡಬೇಕು. ಚೌಕಾಕಾರದ 5 ಎಕರೆಯ ಒಂದು ಬದಿ ಸುಮಾರು 142 ಮೀಟರ್. 18 ಮೀಟರಿನ ಸಿಡಿಪಿ ರಸ್ತೆ ಅಡ್ಡ ಹಾದರೆ 25 ಗುಂಟೆ ಅದಕ್ಕೇ ಹೋಗುತ್ತದೆ. ಅದಕ್ಕಾಗಿಯೇ ಕೆಲವು ನಕ್ಷೆಗಳಲ್ಲಿ ಸಿಡಿಪಿ ರಸ್ತೆ ಪಕ್ಕದವರ ಹೊಲಕ್ಕೆ ಐದಾರು ಮೀಟರ್ ಜಾರಿರುತ್ತದೆ. ಪಕ್ಕದ ಲೇಔಟಿನವರೂ ಹಾಗೇ ಈ ಕಡೆ ಜಾರಿಸಿದರೆ 18 ಮೀಟರ್ ರಸ್ತೆ ಗಡಿಕಲ್ಲಿನ ಬಳಿ ಸೊಂಟ ಮುರಿದುಕೊಳ್ಳುತ್ತದೆ. ಪರಿಶೀಲನೆಯಲ್ಲಿ ಒಂದೇ ನಕ್ಷೆ ನೋಡದೆ ಅಕ್ಕಪಕ್ಕದ ಮಂಜೂರಾದ ನಕ್ಷೆಗಳನ್ನು ಅದೇ ಅಳತೆಗೆ ಜೋಡಿಸಿ ನೋಡಿದರೆ ಇದು ಸಿಕ್ಕೇ ಸಿಗುತ್ತದೆ.

ದಾರಿಯ ವಿಷಯದಲ್ಲಿ ಮೂರು ಆಟ ನಡೆಯುತ್ತವೆ. ಒಂದು, ಲೇಔಟಿಗೆ ಬರುವ ದಾರಿ ನಿಜವಾಗಿ ಸಾರ್ವಜನಿಕ ರಸ್ತೆಯಾಗಿರದೆ ಪಕ್ಕದ ಹೊಲದವರು ಬಾಯಿಮಾತಿನಲ್ಲಿ ಬಿಟ್ಟಿದ್ದಾಗಿರುತ್ತದೆ. ನೋಂದಾಯಿತ ಪತ್ರವಿಲ್ಲದ ದಾರಿ ಆ ಹೊಲ ಕೈ ಬದಲಾದ ದಿನವೇ ಮುಚ್ಚುತ್ತದೆ. ಎರಡು, ಗ್ರಾಮ ನಕ್ಷೆಯಲ್ಲಿ ಇರುವ ಬಂಡಿದಾರಿಯನ್ನು ಲೇಔಟಿನೊಳಗೆ ಕರಗಿಸಿಬಿಡುವುದು. ಹಿಂದೆ ಇರುವ ರೈತರು ಟ್ರ್ಯಾಕ್ಟರ್ ತೆಗೆದುಕೊಂಡು ಬಂದಾಗ ಎದುರಿಗೆ ಗೇಟು. ಹಳೆಯ ದಾರಿ ಯಾವ ಬದಿಯಿಂದ ಒಳಬಂದಿತ್ತೋ ಯಾವ ಬದಿಗೆ ಹೊರಬೀಳುತ್ತಿತ್ತೋ ಆ ಎರಡೂ ತುದಿಗಳು ಹೊಸ ರಸ್ತೆಗೆ ಕೂಡಿರಬೇಕು, ನಡುವೆ ತುಸು ಸುತ್ತಾದರೂ ಪರವಾಗಿಲ್ಲ. ಮೂರನೆಯದು ಇವೆಲ್ಲಕ್ಕಿಂತ ಜಾಣತನದ್ದು: ರಸ್ತೆಯನ್ನು ಗಡಿಯವರೆಗೆ ಒಯ್ಯದೆ ಕೊನೆಗೆ ಒಂದಡಿ ಪಟ್ಟಿಯನ್ನು ಮಾಲೀಕನ ಹೆಸರಿನಲ್ಲೇ ಉಳಿಸಿಕೊಳ್ಳುವುದು. ಮುಂದೆ ಪಕ್ಕದಲ್ಲಿ ಲೇಔಟ್ ಎದ್ದಾಗ ಆ ಒಂದಡಿಗೆ ಬೆಲೆ ಕಟ್ಟುತ್ತಾರೆ. ನಕ್ಷೆಯಲ್ಲಿ ರಸ್ತೆಯ ಗೆರೆ ಮತ್ತು ಗಡಿಯ ಗೆರೆ ಮುಟ್ಟಿವೆಯೋ ಇಲ್ಲವೋ ಭೂತಗನ್ನಡಿ ಹಿಡಿದಾದರೂ ನೋಡಿ. ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ಬದಿಯ ಹೊಲವಾದರೆ ಹೆದ್ದಾರಿ ಪ್ರಾಧಿಕಾರದ ಅನುಮತಿಯಿಲ್ಲದೆ ನೇರವಾಗಿ ಹೆದ್ದಾರಿಗೆ ಬಾಯಿ ತೆರೆಯುವಂತಿಲ್ಲ; ಸರ್ವಿಸ್ ರಸ್ತೆ ಇದೆಯೇ ಎಂಬುದು ಅಲ್ಲಿ ಮೊದಲ ಪ್ರಶ್ನೆ.

ಈಗ ನೀರು. ಲೇಔಟ್ ಪರಿಶೀಲನೆಯಲ್ಲಿ ಅತಿ ಕಡಿಮೆ ಹೊತ್ತು ಸಿಗುವುದು ಇದಕ್ಕೇ, ಅತಿ ಹೆಚ್ಚು ಜಗಳ ಹುಟ್ಟುವುದೂ ಇದರಿಂದಲೇ. 5 ಎಕರೆ ಎಂದರೆ ಸುಮಾರು 2 ಹೆಕ್ಟೇರ್. ಗಂಟೆಗೆ 50 ಮಿಲಿಮೀಟರ್ ಮಳೆ ಸುರಿದರೆ ಆ ಜಾಗದ ಮೇಲೆ ಗಂಟೆಗೆ 1,000 ಘನ ಮೀಟರ್ ನೀರು ಬೀಳುತ್ತದೆ. ಹೊಲವಾಗಿದ್ದಾಗ ಅದರಲ್ಲಿ ಶೇ 30 ಹರಿದುಹೋಗುತ್ತದೆ ಎಂದು ಹಿಡಿದರೆ ಸೆಕೆಂಡಿಗೆ 83 ಲೀಟರ್. ಮನೆ, ಕಾಂಕ್ರೀಟ್ ಅಂಗಳ, ಡಾಂಬರು ಬಂದ ಮೇಲೆ ಶೇ 60 ಹರಿಯುತ್ತದೆ, ಅಂದರೆ 167 ಲೀಟರ್. ಅದನ್ನು ಹೊರಲು ಲೇಔಟಿನವರು ಇಡುವುದು ಸಾಮಾನ್ಯವಾಗಿ 450 ಮಿಲಿಮೀಟರ್ ಅಗಲ, ಅಷ್ಟೇ ಆಳದ ಗಟಾರ. ಇಳಿಜಾರು 300ಕ್ಕೆ 1 ಸಿಕ್ಕರೆ ಆ ಗಟಾರ ತುಂಬಿ ಹರಿದಾಗ ಸೆಕೆಂಡಿಗೆ ಸುಮಾರು 220 ಲೀಟರ್ ಒಯ್ಯುತ್ತದೆ, ಸಾಕು. ಇಳಿಜಾರು 1,000ಕ್ಕೆ 1 ಇದ್ದರೆ ಅದೇ ಗಟಾರ ಒಯ್ಯುವುದು 120 ಲೀಟರ್. ಸಾಲದು, ಮೇಲಾಗಿ ವೇಗ ಕಡಿಮೆಯಾಗಿ ಹೂಳು ಕೂರುತ್ತದೆ. ಎರಡು ಮಳೆಗಾಲ ಕಳೆದರೆ ಅರ್ಧ ಗಟಾರ ಮಣ್ಣು.

ಧಾರವಾಡದ ಕಡೆಯ ಏರಿಳಿತದ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ 300ಕ್ಕೆ 1 ಸಿಗುವುದು ಕಷ್ಟವಲ್ಲ. ಹುಬ್ಬಳ್ಳಿಯ ಪೂರ್ವಕ್ಕೆ, ಕುಸುಗಲ್-ನವಲಗುಂದ ದಿಕ್ಕಿನ ಎರಿ (ಕಪ್ಪು ಮಣ್ಣಿನ) ಭೂಮಿ ತಟ್ಟೆಯ ಹಾಗೆ ಮಟ್ಟಸ. ಅಲ್ಲಿ ಒಂದೇ ಅಳತೆಯ ಗಟಾರ ಹಾಕಿ ಕೈತೊಳೆದುಕೊಂಡರೆ ನೀರು ನಿಂತೇ ನಿಲ್ಲುತ್ತದೆ. ಆದ್ದರಿಂದ ನಕ್ಷೆಯ ಜೊತೆ ಅರ್ಧ ಮೀಟರ್ ಅಂತರದ ಸಮೋನ್ನತಿ ರೇಖೆಗಳಿರಬೇಕು (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು), ಪ್ರತಿ ಗಟಾರದ ಮೇಲ್ತುದಿ ಮತ್ತು ಕೆಳತುದಿಯ ತಳದ ಮಟ್ಟ ಬರೆದಿರಬೇಕು. ಬಾಣದ ಗುರುತು ಮಾತ್ರ ಇದ್ದರೆ ಅದು ಲೆಕ್ಕವಲ್ಲ, ಆಸೆ.

ಗಡಿಯಲ್ಲಿ ಬಾಣ ನಿಂತ ಮೇಲೆ ನೀರು ಎಲ್ಲಿಗೆ? ನಕ್ಷೆಯಲ್ಲಿ ಅಲ್ಲಿಗೆ ಕಾಗದ ಮುಗಿಯುತ್ತದೆ. ನೆಲದ ಮೇಲೆ ಅಲ್ಲಿಂದ ಮುಂದೆ ಯಾರದೋ ಹೊಲ. ಮೊದಲು ಇಡೀ ಗಡಿಯುದ್ದಕ್ಕೂ ಹರಡಿ ಇಳಿಯುತ್ತಿದ್ದ 83 ಲೀಟರ್ ಈಗ ಒಂದೇ ಬಾಯಿಂದ 167 ಲೀಟರಾಗಿ ನುಗ್ಗಿದರೆ ಆ ರೈತ ಒಡ್ಡು ಹಾಕುತ್ತಾನೆ. ಹಾಕುವುದು ಸರಿಯೂ ಹೌದು. ಒಡ್ಡು ಬಿದ್ದ ಮೇಲೆ ಕೊನೆಯ ಸಾಲಿನ ಪ್ಲಾಟುಗಳು ಕೆರೆ. ಗಟಾರವನ್ನು ಸರ್ಕಾರಿ ನಾಲಾದವರೆಗೆ ಒಯ್ಯುವ ಹೊಣೆ ಯಾರದು, ನಡುವಿನ ಜಾಗ ಯಾರದು, ಖರ್ಚು ಯಾರದು ಎಂಬ ಮೂರು ಉತ್ತರ ಮಂಜೂರಾತಿಯ ಷರತ್ತುಗಳಲ್ಲೇ ಇರಬೇಕು. ನಾಲಾದ ಪಕ್ಕದ ಹೊಲವಾದರೆ ಮಹಾಯೋಜನೆಯ ವಲಯ ನಿಯಮದಂತೆ ಬಿಡಬೇಕಾದ ಅಂತರವನ್ನು ಅಳೆಯುವುದು ನಾಲಾದ ಅಂಚಿನಿಂದಲೋ ಮಧ್ಯರೇಖೆಯಿಂದಲೋ ಎಂಬುದನ್ನೂ ನೋಡಿ. ಉಣಕಲ್ ಕೆರೆಯ ಕೋಡಿ ನೀರು ಹೊರುವ ನಾಲಾ ಹುಬ್ಬಳ್ಳಿಯ ನಡುವೆಯೇ ಹಾದುಹೋಗುತ್ತದೆ. ಮೇಲಿನ ಒಂದೊಂದು ಲೇಔಟೂ ಹೆಚ್ಚು ಬಿಟ್ಟ ನೀರು ಕೊನೆಗೆ ಸೇರುವುದು ಹೀಗೆ ಊರೊಳಗಿನ ನಾಲಾಗಳಿಗೇ.

ಎರಿ ಮಣ್ಣಿನ ಇನ್ನೊಂದು ಕಾಟ ರಸ್ತೆ. ಒದ್ದೆಯಾದಾಗ ಉಬ್ಬಿ ಒಣಗಿದಾಗ ಬಿರಿಯುವ ಈ ಮಣ್ಣಿನ ಸಿಬಿಆರ್ (ಭಾರ ಹೊರುವ ಬಲದ ಅಳತೆ) ಸಾಮಾನ್ಯವಾಗಿ ಶೇ 2ರಿಂದ 4ರೊಳಗೆ. ಇಂಥ ನೆಲದ ಮೇಲೆ ಉಬ್ಬದ ಮಣ್ಣಿನ 60 ಸೆಂಟಿಮೀಟರಿನಿಂದ 1 ಮೀಟರ್ ದಪ್ಪದ ಹಾಸು ಕೊಡಬೇಕೆಂಬುದು ರಸ್ತೆ ಎಂಜಿನಿಯರುಗಳ ರೂಢಿ. ಲೇಔಟುಗಳಲ್ಲಿ ಕಾಣುವುದು ಮೇಲಿನ ಹುಲ್ಲು ಕೆತ್ತಿ ಅರ್ಧ ಅಡಿ ಗರಸು, ಅದರ ಮೇಲೆ ಖಡಿ, ಮೇಲೊಂದು ತೆಳು ಡಾಂಬರು. ಮಾರಾಟದ ವೇಳೆಗೆ ಕರ್ರಗೆ ಹೊಳೆಯುತ್ತದೆ. ಮೊದಲ ಮನೆಗೆ ಇಟ್ಟಿಗೆ ಹೊತ್ತ ಟಿಪ್ಪರ್ ಬಂದಾಗ ಗಾಲಿಯ ಗುಂಟ ಕುಸಿಯುತ್ತದೆ. ಗಟಾರದ ಗೋಡೆಗಳೂ ಇದೇ ಮಣ್ಣಿನ ಒತ್ತಡಕ್ಕೆ ಒಳಕ್ಕೆ ಬಾಗುತ್ತವೆ. ಹಿಂಬದಿಗೆ ಒಂದಡಿ ಗರಸು ತುಂಬಿ ನೀರು ಹೊರಬೀಳಲು ತೂತು ಬಿಟ್ಟಿದ್ದರೆ ಇಷ್ಟಾಗುವುದಿಲ್ಲ. ಪರಿಶೀಲನೆಗೆ ಹೋದವರು ಡಾಂಬರಿನ ಮೇಲೆ ನಡೆದು ಬಂದರೆ ಏನೂ ತಿಳಿಯದು. ಎರಡು-ಮೂರು ಕಡೆ ಒಂದಡಿ ಚೌಕದ ಗುಂಡಿ ತೋಡಿಸಿ ಪದರಗಳ ದಪ್ಪ ಅಳೆಯಬೇಕು.

ರಸ್ತೆಯ ಮಟ್ಟವನ್ನೂ ಕೇಳಿ. ರಸ್ತೆ ಎರಡಡಿ ಎತ್ತರಿಸಿ ಪ್ಲಾಟನ್ನು ಹಾಗೇ ಬಿಟ್ಟಿದ್ದರೆ 30×40ರ ಪ್ಲಾಟ್ ತುಂಬಲು 2,400 ಘನ ಅಡಿ, ಅಂದರೆ ಬ್ರಾಸಿಗೆ 100 ಘನ ಅಡಿಯಂತೆ 24 ಬ್ರಾಸ್ ಗರಸು ಬೇಕು. ದಮ್ಮಸು ಮಾಡಿದ ಮೇಲೆ ಇನ್ನೂ ಹೆಚ್ಚು. ಪ್ಲಾಟಿನ ದರ ಕಡಿಮೆ ಕಂಡ ಕಡೆ ಈ ಖರ್ಚು ಕೊಂಡವರ ತಲೆಗೆ ಬಿದ್ದಿರುತ್ತದೆ.

ಒಳಚರಂಡಿಯಲ್ಲಿ ನೋಡಬೇಕಾದ್ದು ಒಂದೇ ಅಂಕಿ, ಕೊನೆಯ ಚೇಂಬರಿನ ತಳಮಟ್ಟ. 150 ಮಿಲಿಮೀಟರ್ ಕೊಳವೆಗೆ ಸುಮಾರು 170ಕ್ಕೆ 1 ಇಳಿಜಾರು ಬೇಕು. ಮಟ್ಟಸ ನೆಲದಲ್ಲಿ 400 ಮೀಟರ್ ಕೊಳವೆ ಎಳೆದರೆ ಅದು 2.35 ಮೀಟರ್ ಇಳಿಯುತ್ತದೆ. 1 ಮೀಟರ್ ಆಳದಲ್ಲಿ ಶುರುವಾದರೆ ಕೊನೆಗೆ 3.35 ಮೀಟರ್. ಹೊರಗಿನ ಮುಖ್ಯ ಕೊಳವೆಯ ಚೇಂಬರ್ 2 ಮೀಟರ್ ಆಳದಲ್ಲಿದ್ದರೆ ಇದು ತಾನಾಗಿ ಹರಿದು ಅದನ್ನು ಸೇರುವುದು ಸಾಧ್ಯವೇ ಇಲ್ಲ. ಆಗ ಗುತ್ತಿಗೆದಾರರು ಇಳಿಜಾರು ಕಡಿಮೆ ಮಾಡಿ ಹೇಗೋ ಕೂಡಿಸುತ್ತಾರೆ. ಮನೆಗಳು ತುಂಬಿದ ಮೇಲೆ ಕೆಳಗಿನ ಮನೆಗಳ ಶೌಚಾಲಯದಲ್ಲಿ ನೀರು ಹಿಂದಕ್ಕೇರುತ್ತದೆ. ಹೊರಗೆ ಮುಖ್ಯ ಕೊಳವೆಯೇ ಇಲ್ಲದ ಕಡೆ 95 ಪ್ಲಾಟ್, ಮನೆಗೆ ಐವರು, ತಲೆಗೆ ದಿನಕ್ಕೆ 135 ಲೀಟರಿನ ಲೆಕ್ಕದಲ್ಲಿ 64,000 ಲೀಟರ್ ನೀರು ಬಳಕೆಯಾಗಿ ಅದರ ಶೇ 80, ಅಂದರೆ 51,000 ಲೀಟರ್ ಕೊಳಚೆ ದಿನವೂ ಹೊರಬರುತ್ತದೆ. ಅದಕ್ಕೆ ಜಾಗ ತೋರಿಸದ ನಕ್ಷೆ ಅದನ್ನು ಮಳೆನೀರಿನ ಗಟಾರಕ್ಕೇ ಬಿಡುತ್ತದೆ ಎಂದರ್ಥ. ಕುಡಿಯುವ ನೀರಿಗೂ ಇದೇ 64,000ದ ಲೆಕ್ಕ. ಕೊಳವೆ ಜಾಲ ಹಾಕಿದ್ದರೆ ಸಾಲದು, ಮಲಪ್ರಭೆಯ ನೀರು ಬರುವ ಮಾರ್ಗದಿಂದ ಜೋಡಣೆಗೆ ಒಪ್ಪಿಗೆ ಇದೆಯೇ ಅಥವಾ ಬೋರ್ ಒಂದೇ ಗತಿಯೇ ಎಂದು ಕೇಳಬೇಕು.

ಉದ್ಯಾನದ ಜಾಗ ಮತ್ತು ನಾಗರಿಕ ಸೌಲಭ್ಯದ ಜಾಗ, ಅಂದರೆ ಸಿ.ಎ. ಸೈಟ್. ಪ್ರಾಧಿಕಾರ ತಾನೇ ಬಡಾವಣೆ ಮಾಡಿದರೆ 1987ರ ಕಾಯ್ದೆಯ 16ನೇ ಕಲಮಿನಂತೆ ಉದ್ಯಾನ-ಆಟದ ಮೈದಾನಕ್ಕೆ ಶೇ 15ಕ್ಕೆ ಕಡಿಮೆಯಿಲ್ಲದೆ, ಸೌಲಭ್ಯಗಳಿಗೆ ಇನ್ನೂ ಶೇ 10ಕ್ಕೆ ಕಡಿಮೆಯಿಲ್ಲದೆ ಬಿಡಬೇಕು. ಖಾಸಗಿ ಲೇಔಟಿಗೆ ಜಾರಿಯಲ್ಲಿರುವ ವಲಯ ನಿಯಮದ ಪ್ರಮಾಣ. ಪ್ರಮಾಣ ಎಂದೂ ತಪ್ಪುವುದಿಲ್ಲ, ತಪ್ಪುವುದು ಜಾಗ. ತ್ರಿಕೋನದ ಮೂಲೆ, ಹಳ್ಳದ ತಗ್ಗು, ವಿದ್ಯುತ್ ಮಾರ್ಗದ ಕೆಳಗಿನ ಪಟ್ಟಿ ಇವು ಉದ್ಯಾನವಾಗುತ್ತವೆ. 110 ಕೆ.ವಿ. ಮಾರ್ಗಕ್ಕೆ 22 ಮೀಟರ್, 220 ಕೆ.ವಿ.ಗೆ 35 ಮೀಟರ್ ಅಗಲ ಹೇಗೂ ಖಾಲಿ ಬಿಡಲೇಬೇಕು. ಮಾರಲಾಗದ ಜಾಗವನ್ನೇ ಉದ್ಯಾನದ ಲೆಕ್ಕಕ್ಕೆ ಬರೆಸಿದರೆ ಮಾಲೀಕನಿಗೆ ಎರಡು ಕಡೆ ಉಳಿತಾಯ. ಉದ್ಯಾನಕ್ಕೆ ಕನಿಷ್ಠ ಎರಡು ಬದಿ ರಸ್ತೆ ತಾಗಿರಲಿ ಎಂದು ಪಟ್ಟು ಹಿಡಿಯುವುದು ಒಳ್ಳೆಯದು. ಪ್ಲಾಟುಗಳ ಹಿತ್ತಲಿಗೆ ಅಂಟಿದ ಉದ್ಯಾನ ವರ್ಷಕ್ಕೆ ಎರಡಡಿಯಂತೆ ಹಿತ್ತಲೊಳಗೆ ಸೇರಿಕೊಳ್ಳುತ್ತದೆ.

ನಕ್ಷೆ ಒಪ್ಪಿಗೆಯಾದರೆ ಪ್ಲಾಟ್ ಎಲ್ಲವೂ ಒಮ್ಮೆಗೇ ಮಾರಾಟಕ್ಕೆ ಸಿಗುವುದಿಲ್ಲ. ತಾತ್ಕಾಲಿಕ ಅನುಮೋದನೆ, ಆಮೇಲೆ ಕೆಲಸ ನಡೆದಂತೆ ಶೇ 40, 30, 30ರ ಹಂತಗಳಲ್ಲಿ ಬಿಡುಗಡೆ. ಇದು ಬಹುಕಾಲದ ಪದ್ಧತಿ. ಪ್ರಾಧಿಕಾರದ ಕೈಯಲ್ಲಿರುವ ಒಂದೇ ಲಗಾಮು ಈ ಕೊನೆಯ ಶೇ 30. ಇದನ್ನು ಸಡಿಲ ಬಿಟ್ಟರೆ ಮುಂದೆ ಎಷ್ಟು ನೋಟಿಸ್ ಕೊಟ್ಟರೂ ಫಲವಿಲ್ಲ, ಏಕೆಂದರೆ ಕಟ್ಟಿಹಾಕಲು ಏನೂ ಉಳಿದಿರುವುದಿಲ್ಲ. ರಸ್ತೆ, ಗಟಾರ, ನೀರಿನ ಮಾರ್ಗ, ಖುಲ್ಲಾ ಜಾಗಗಳನ್ನು ಪರಿಹಾರ ಕೇಳದೆ ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕೆಂದು 32ನೇ ಕಲಮು ಹೇಳುತ್ತದೆ; ಅದಕ್ಕೆ ನೋಂದಾಯಿತ ಬಿಟ್ಟುಕೊಡುವ ಪತ್ರ ಆಗಬೇಕು. 500 ಚದರ ಮೀಟರ್ ಮೀರಿದ ಲೇಔಟ್ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿರಬೇಕು, ಕೊಂಡವರಿಂದ ಬಂದ ಹಣದ ಶೇ 70 ಪ್ರತ್ಯೇಕ ಖಾತೆಯಲ್ಲಿ ಕೂರಬೇಕು.

ಇಷ್ಟಾದ ಮೇಲೂ ಒಂದು ಕಂದಕ ಉಳಿಯುತ್ತದೆ, ಹಸ್ತಾಂತರ. ಪ್ರಾಧಿಕಾರ ಮಂಜೂರು ಮಾಡಿದ ಲೇಔಟನ್ನು ಪಾಲಿಕೆ ತನ್ನ ಕೈಗೆ ತೆಗೆದುಕೊಳ್ಳುವವರೆಗೆ ಬೀದಿದೀಪದ ಬಿಲ್ಲು, ಕಸ, ಗಟಾರ ಯಾರದೂ ಅಲ್ಲ. "ಇನ್ನೂ ಹ್ಯಾಂಡೋವರ್ ಆಗಿಲ್ರಿ" ಎಂಬ ಉತ್ತರ ವರ್ಷಗಟ್ಟಲೆ ಕೇಳಿಸಿಕೊಂಡ ಬಡಾವಣೆಗಳು ಅವಳಿ ನಗರದಲ್ಲಿ ಬೇಕಾದಷ್ಟಿವೆ. ಪಾಲಿಕೆ ಹಿಂದೇಟು ಹಾಕುವುದಕ್ಕೂ ಕಾರಣ ಇದೆ: ಕುಸಿದ ರಸ್ತೆ, ಹೊರಬೀಳದ ಗಟಾರ ತೆಗೆದುಕೊಂಡರೆ ದುರಸ್ತಿ ಅದರ ತಲೆಗೆ. ಕೊನೆಯ ಶೇ 30 ಬಿಡುವ ಮೊದಲೇ ಪಾಲಿಕೆಯ ಎಂಜಿನಿಯರ್, ಹೆಸ್ಕಾಂ, ನೀರು ಸರಬರಾಜಿನವರು ಒಟ್ಟಿಗೆ ಸ್ಥಳ ನೋಡಿ ಸಹಿ ಹಾಕಿದ್ದರೆ ಈ ತಕರಾರು ಅರ್ಧ ಕಡಿಮೆಯಾಗುತ್ತದೆ.

ದಾಖಲೆಯ ಕಡೆಯಿಂದ ನಮ್ಮ ಭಾಗದಲ್ಲಿ ಮರೆಯಬಾರದ್ದು ಕೆ.ಜೆ.ಪಿ., ಅಂದರೆ ಕಮ್ಮಿ-ಜಾಸ್ತಿ ಪತ್ರಕ. ಲೇಔಟ್ ನಕ್ಷೆಯಂತೆ ಸರ್ವೆ ಇಲಾಖೆ ಅಳತೆ ಮಾಡಿ ಹಳೆಯ ನಂಬರನ್ನು ಪ್ಲಾಟುವಾರು ಒಡೆದಾಗಲೇ ಪ್ರತಿ ಪ್ಲಾಟಿಗೂ ಬೇರೆ ಉತಾರ ಬರುವುದು. ರಸ್ತೆ ಮತ್ತು ಉದ್ಯಾನಕ್ಕೂ ಬೇರೆ ಉತಾರ ಬಂದಿದೆಯೇ, ಅದರಲ್ಲಿ ಯಾರ ಹೆಸರಿದೆ ಎಂದು ನೋಡಿ. ಅಲ್ಲಿ ಇನ್ನೂ ಹಳೆಯ ಮಾಲೀಕನ ಹೆಸರಿದ್ದರೆ ಬಿಟ್ಟುಕೊಡುವ ಪತ್ರ ಆಗಿಲ್ಲ, ಅಥವಾ ಆಗಿದ್ದರೂ ದಾಖಲೆಗೆ ಇಳಿದಿಲ್ಲ. ಉದ್ಯಾನದ ಜಾಗ ಮತ್ತೆ ಮಾರಾಟವಾಗುವುದು ಈ ಬಿರುಕಿನಿಂದಲೇ, 1985ರ ಉದ್ಯಾನ ಸಂರಕ್ಷಣೆ ಕಾಯ್ದೆ ಇದ್ದರೂ.

ನೆರೆಹೊಲದವರಿಗೆ, ನಿವಾಸಿಗಳ ಸಂಘದವರಿಗೆ ಒಂದು ಮಾತು. ಭೂ ಉಪಯೋಗ ಬದಲಾವಣೆಯ ಹಾಗೆ ಲೇಔಟ್ ಮಂಜೂರಾತಿಯನ್ನು ಊರಿಗೆಲ್ಲ ಸಾರುವ ರೂಢಿಯಿಲ್ಲ. ಹೊಲದಲ್ಲಿ ಟೋಟಲ್ ಸ್ಟೇಷನ್ (ಸರ್ವೆ ಅಳತೆಯ ಯಂತ್ರ) ನಿಂತದ್ದು ಕಂಡರೆ ಅದನ್ನೇ ಪ್ರಕಟಣೆ ಎಂದು ತಿಳಿಯಿರಿ. ನವನಗರದ ಹುಡಾ ಕಚೇರಿಗೆ ಕೊಡುವ ಅರ್ಜಿಯಲ್ಲಿ "ನಮಗೆ ತೊಂದರೆ ಆಗುತ್ತದೆ" ಎಂದು ಬರೆದರೆ ಅದು ಕಡತದಲ್ಲಿ ಮಲಗುತ್ತದೆ. ಸರ್ವೆ ನಂಬರ್, ಹಿಸ್ಸಾ (ಸರ್ವೆ ನಂಬರಿನ ಉಪಭಾಗ), ಯಾವ ಬದಿ, ಗಟಾರದ ಬಾಯಿ ಎಲ್ಲಿ, ಅಲ್ಲಿಂದ ನಾಲಾಗೆ ಎಷ್ಟು ಮೀಟರ್, ನಡುವೆ ಯಾರ ಜಮೀನು ಎಂದು ಬರೆದು ಗ್ರಾಮ ನಕ್ಷೆಯ ಪ್ರತಿ ಲಗತ್ತಿಸಿದರೆ ಯೋಜನಾ ವಿಭಾಗ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ನಕ್ಷೆ, ಷರತ್ತುಗಳ ಪ್ರತಿ, ಬಿಡುಗಡೆ ಆದೇಶಗಳು, ಸ್ಥಳ ತನಿಖಾ ವರದಿ ಈ ನಾಲ್ಕನ್ನು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು, 30 ದಿನದೊಳಗೆ ಉತ್ತರ ಬರಬೇಕು. ನಕ್ಷೆ ಕೈಗೆ ಬಂದ ಮೇಲೆ ಟೇಪು ಹಿಡಿದು ಮೊದಲು ಉದ್ಯಾನದ ನಾಲ್ಕು ಬದಿ, ಆಮೇಲೆ ಗಡಿಯಲ್ಲಿ ರಸ್ತೆಯ ಅಗಲ ಅಳೆಯಿರಿ. ವ್ಯತ್ಯಾಸ ಸಿಕ್ಕರೆ ಕೊನೆಯ ಶೇ 30ರ ಬಿಡುಗಡೆ ಆಗುವುದರೊಳಗೆ ಅರ್ಜಿ ಕಡತ ಸೇರಿರಬೇಕು.